ಮಡಿಕೇರಿಯ ಸರ್ಕಲ್ಲಿನಲ್ಲಿ ನಿಂತವರು

ಕಾರವಾರಕ್ಕೆ ಹೋದಾಗಲೆಲ್ಲ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯತ್ತ ಒಮ್ಮೆ ಕಣ್ಣು ಹಾಯಿಸಿ ಬರುವುದು ದಾಂಡೇಲಿಯವನಾದ ನನಗೆ ರೂಢಿ. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ನಮ್ಮ ಜಿಲ್ಲೆಯವರು ಅಂತ ಒಂಚೂರು ಜಂಬ ಬೇರೆ! ಯುದ್ಧವೀರರ ಬಗ್ಗೆ ನನಗೆಲ್ಲ ಗೊತ್ತು ಅಂದುಕೊಂಡಿದ್ದೆ. ಆ ಜಂಬ ಇಳಿದದ್ದು ಕೆಲವು ವರ್ಷಗಳ ಹಿಂದೆ, ಮಡಿಕೇರಿಯಲ್ಲಿ.

ಗೆಳೆಯನ ಮನೆಯ ಮದುವೆಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಿದ್ದಾಗ ಸರ್ಕಲ್ಲಿನಲ್ಲಿ ಒಂದು ಪ್ರತಿಮೆ ಕಂಡಿತು. ಪಕ್ಕದಲ್ಲಿ ನಿಂತಿದ್ದ ಹುಡುಗನನ್ನು ಕೇಳಿದೆ. "ಯಾರೋ ಮಿಲಿಟರಿಯವರು ಸಾರ್" ಅಂದ. ಕಾರ್ಯಪ್ಪ, ತಿಮ್ಮಯ್ಯನವರ ನಾಡಲ್ವಾ, ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ವಾಯುಸೇನೆಯವರು! ಹೆಸರೇ ಕೇಳಿರಲಿಲ್ಲ. ಊರಿಗೆ ಬಂದು ಹುಡುಕಿ ಓದಿದೆ.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಹೋಗಬೇಕಾದದ್ದು ಹನ್ನೆರಡು. ದೇವಯ್ಯ ಬದಲಿ ಪೈಲಟ್, ಯಾರಾದರೂ ಹಿಂದುಳಿದರೆ ಆ ಜಾಗ ತುಂಬಬೇಕಾದವರು. ಅವರೂ ತಂಡ ಸೇರಿಕೊಂಡರು. ಅಷ್ಟರಲ್ಲಿ ಪಾಕಿಸ್ತಾನದ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಮೇಲೆರಗಿತು. ಅದು ಶಬ್ದದ ಎರಡು ಪಟ್ಟು ವೇಗದ ವಿಮಾನ, ಹಳೇ ಮಿಸ್ಟೇರ್ ಅದರ ಮುಂದೆ ಏನೂ ಅಲ್ಲ. ಜೊತೆಗೆ ಇಂಧನದ ಲೆಕ್ಕ. ಅಷ್ಟು ದೂರ ಹೋಗಿ ಕಾದಾಟಕ್ಕಿಳಿದರೆ ಆದಂಪುರ ಮುಟ್ಟುವಷ್ಟು ಉಳಿಯುವುದು ಅನುಮಾನ. ಇದು ದೇವಯ್ಯನವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಏಟು ತಿಂದ ವಿಮಾನದಲ್ಲೇ ತಿರುಗಿ ನಿಂತರು, ಸ್ಟಾರ್‌ಫೈಟರನ್ನು ಬೀಳಿಸಿದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬರಲಿಲ್ಲ.

ನಮ್ಮವರು ಯಾರೂ ಅದನ್ನು ನೋಡಿರಲಿಲ್ಲ. ಹಾಗಾಗಿ ದಾಖಲೆಯಲ್ಲಿ ದೇವಯ್ಯ 'ಕಾಣೆಯಾದವರು', ಅಷ್ಟೇ. ಮನೆಯವರು ಆ ಒಂದು ಪದವನ್ನಿಟ್ಟುಕೊಂಡು ಎಷ್ಟು ವರ್ಷ ಬಾಗಿಲು ನೋಡಿರಬೇಡ?

ಸುದ್ದಿ ಕೊನೆಗೆ ಬಂದದ್ದು ಎದುರಾಳಿಯ ಕಡೆಯಿಂದ ಅನ್ನೋದೇ ವಿಚಿತ್ರ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಸೇನೆಯ ಮಾಹಿತಿ ಆಧರಿಸಿ 1979ರಲ್ಲಿ ಆ ಯುದ್ಧದ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಈ ಕಾದಾಟದ ವಿವರ ಇತ್ತು. ಆ ದಿನ ದಾಳಿಯ ನೇತೃತ್ವ ವಹಿಸಿದ್ದ ತನೇಜಾ ತಮ್ಮ ಪೈಲಟ್‌ಗೆ ನ್ಯಾಯ ಸಿಗಲಿ ಎಂದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು, 23 ವರ್ಷ ತಡವಾಗಿ. ಪತ್ನಿ ಸ್ವೀಕರಿಸಿದರು. ದೇಹವನ್ನು ಅಲ್ಲಿನ ಹಳ್ಳಿಯವರೇ ಹೊಲದಲ್ಲಿ ಮಣ್ಣು ಮಾಡಿದ್ದರು ಅಂತ ಆ ಕಡೆಯವರೇ ಬರೆದಿದ್ದಾರೆ. ಮಡಿಕೇರಿಯ ಪ್ರತಿಮೆ ಆಗಿದ್ದು 2020ರಲ್ಲಿ.

2025ರಲ್ಲಿ 'ಸ್ಕೈ ಫೋರ್ಸ್' ಅಂತ ಹಿಂದಿ ಸಿನಿಮಾ ಬಂತು. ಇದೇ ಕಥೆ, ಆದರೆ ಪೈಲಟ್‌ನ ಹೆಸರು ಬದಲಾಯಿಸಿದ್ದಾರೆ. ಪಿಕ್ಚರ್ ನೋಡ್ತಾ ಮಗಳ ಕಿವಿಯಲ್ಲಿ ಹೇಳಿದೆ, "ಅವರ ನಿಜವಾದ ಹೆಸರು ಅಜ್ಜಮಾಡ ದೇವಯ್ಯ."

"ಶ್... ಸುಮ್ನಿರಪ್ಪ" ಅಂದಳು. ಇಂಟರ್ವಲ್ಲಿನಲ್ಲಿ ತಾನೇ ಕೇಳಿದಳು, "ಏನಂದೆ ಆಗ, ಯಾವ ದೇವಯ್ಯ?"