ಟೈಲ್ಸ್ ನೆಲ ಮತ್ತು ನಾಯಿಯ ಪಾದ

ಬೆಂಗಳೂರಿನ ವಿಜಯನಗರಕ್ಕೆ ಅಂಟಿಕೊಂಡ ಮಾರೇನಹಳ್ಳಿಯಂಥ ಬಡಾವಣೆಗಳ ಮನೆಗಳಲ್ಲಿ ಹಾಲ್‌ಗೆ ವಿಟ್ರಿಫೈಡ್ ಟೈಲ್ಸ್, ಮೆಟ್ಟಿಲಿಗೆ ಪಾಲಿಶ್ ಮಾಡಿದ ಗ್ರಾನೈಟ್ ಈಗ ಮಾಮೂಲು. ಒರೆಸುವವರಿಗೆ ಸುಲಭವಾದ ಈ ನೆಲ ನಾಯಿಗೆ ಕಷ್ಟದ್ದು. ಕಾಲಿಂಗ್ ಬೆಲ್ ಸದ್ದಿಗೆ ಓಡುವಾಗ ಹಿಂಗಾಲುಗಳು ಎರಡು ಕಡೆಗೆ ಸರಿದು ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ನೋಡಿದವರಿಗೆ ನಗು ಬರಬಹುದು, ಆದರೆ ಹೀಗೆ ಜಾರಿದಾಗ ಮಂಡಿಯ ಲಿಗಮೆಂಟ್‌ಗೆ, ಸೊಂಟದ ಕೀಲಿಗೆ ಪೆಟ್ಟಾಗಬಹುದು.

ಜಾರುವುದೇಕೆ?

ನಾಯಿ ನಡೆಯುವುದು ಬೆರಳುಗಳ ಮೇಲೆ, ಅದರ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ನೆಲವನ್ನು ಹಿಡಿಯುವುದು ಅಂಗಾಲಿನ ಒರಟು ಮೆತ್ತೆ. ಮಣ್ಣಿನಲ್ಲಿ ಕಾಲು ಜಾರಿದರೆ ನಾಯಿ ಉಗುರು ಊರಿ ನಿಲ್ಲುತ್ತದೆ. ಟೈಲ್ಸ್ ಮೇಲೂ ಅದನ್ನೇ ಮಾಡಲು ಹೋಗುತ್ತದೆ. ಉಗುರು ಇಳಿಯುವುದಿಲ್ಲ, ಮೆತ್ತೆ ಮೇಲೇಳುತ್ತದೆ, ಇದ್ದ ಹಿಡಿತವೂ ತಪ್ಪುತ್ತದೆ.

ಮೊದಲು ಉಗುರು

ಸಾಕ್ಸ್, ಶೂ ಕೊಳ್ಳುವ ಮುಂಚೆ ಉಗುರು ನೋಡಿ. ನಡೆಯುವಾಗ ಟಕಟಕ ಸದ್ದು ಬಂದರೆ ಅದು ಬೆಳೆದಿದೆ ಎಂದೇ ಅರ್ಥ. ಬಿಳಿ ಉಗುರಿನೊಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳ ಮತ್ತು ನರ ಇರುತ್ತವೆ, ಅದಕ್ಕೆ ತಾಗದಂತೆ ತುದಿಯನ್ನಷ್ಟೇ ಕತ್ತರಿಸಬೇಕು. ಕಪ್ಪು ಉಗುರಾದರೆ ತೆಳುವಾಗಿ ಕತ್ತರಿಸುತ್ತಾ, ಪ್ರತಿ ಸಲವೂ ಕತ್ತರಿಸಿದ ಮುಖ ನೋಡಬೇಕು. ಮೊದಲು ಒಣ ಪುಡಿಯಂತಿರುವ ಅದರ ನಡುವೆ ಕಪ್ಪು ಚುಕ್ಕೆ ಮೂಡಿದೊಡನೆ ನಿಲ್ಲಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಬಹುಕಾಲ ಬಿಟ್ಟ ಉಗುರಿನಲ್ಲಿ ರಕ್ತನಾಳವೂ ಉದ್ದವಾಗಿರುತ್ತದೆ. ವಾರವಾರ ಸ್ವಲ್ಪಸ್ವಲ್ಪ ಕತ್ತರಿಸಿದರೆ ಅದು ಹಿಂದೆ ಸರಿಯುತ್ತದೆ. ಮುಂಗಾಲಿನ ಒಳಬದಿಯ ಐದನೇ ಉಗುರನ್ನು ಮರೆಯುವವರೇ ಹೆಚ್ಚು. ನೆಲಕ್ಕೆ ತಾಗಿ ಸವೆಯದ ಅದು ಸುತ್ತಿಕೊಂಡು ಚರ್ಮಕ್ಕೆ ಚುಚ್ಚುತ್ತದೆ.

ಕೂದಲು, ಮೆತ್ತೆ

ಶಿಟ್ಜು, ಪೊಮೇರಿಯನ್, ಗೋಲ್ಡನ್ ರಿಟ್ರೀವರ್‌ಗಳಿಗೆ ಬೆರಳ ಸಂದಿಯಲ್ಲಿ ಕೂದಲು ಬೆಳೆದು ಮೆತ್ತೆಯನ್ನೇ ಮುಚ್ಚುತ್ತದೆ. ಮೊಂಡು ತುದಿಯ ಕತ್ತರಿಯಿಂದ ಮೆತ್ತೆಯ ಮಟ್ಟಕ್ಕೆ ಸವರಿದರೆ ಸಾಕು, ಸಂದಿಯೊಳಗೆ ಕತ್ತರಿ ಹಾಕಬಾರದು. ಮೆತ್ತೆಯ ಬಿರುಕಿಗೆಂದು ಕೊಬ್ಬರಿ ಎಣ್ಣೆ ಹಚ್ಚಿದ ಕೂಡಲೇ ಟೈಲ್ಸ್ ಮೇಲೆ ಬಿಟ್ಟರೆ ಜಾರುವುದು ಹೆಚ್ಚುತ್ತದೆ. ನೆಲಕ್ಕೆ ಫಿನಾಯಿಲ್ ಬೇಡ. ಪಾದ ನೆಕ್ಕುವ ನಾಯಿಯ ಹೊಟ್ಟೆಗೆ ಅದು ಹೋಗುತ್ತದೆ, ಅದು ವಿಷ.

ನೆಲದ ಕಡೆ

ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಬಾಗಿಲಿಗೆ ಹೋಗುವ ದಾರಿಯಲ್ಲಿ ರಬ್ಬರ್ ತಳದ ಮ್ಯಾಟ್ ಹಾಸಿ. ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಕಿದರೂ ನಡೆಯುತ್ತದೆ. ಮರಿಗಳಿಗಂತೂ ಇದು ತೀರಾ ಮುಖ್ಯ. ದೊಡ್ಡ ತಳಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ದೋಷ ಹೆಚ್ಚು, ಮೆತ್ತನೆಯ ನೆಲದಲ್ಲಿ ಸ್ವತಂತ್ರವಾಗಿ ಓಡಾಡಿದವಕ್ಕೆ ಕಡಿಮೆ ಎಂದು ಕಂಡುಬಂತು.

ವೈದ್ಯರ ಬಳಿ ಯಾವಾಗ?

ಇದುವರೆಗೆ ಚೆನ್ನಾಗಿ ನಡೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಜಾರತೊಡಗಿದರೆ, ಪಾದ ಮಡಚಿ ಎಳೆದರೆ, ಹಿಂಗಾಲಿನ ಉಗುರುಗಳು ಮೇಲ್ಬದಿಯಲ್ಲಿ ಸವೆದಿದ್ದರೆ ದೋಷ ನೆಲದ್ದಲ್ಲ. ಕೀಲು ಅಥವಾ ನರದ ತೊಂದರೆಯಿರಬಹುದು. ‘ವಯಸ್ಸಾಯ್ತು’ ಎಂದು ಸುಮ್ಮನಿರದೆ ಹತ್ತಿರದ ಪಶುವೈದ್ಯರಿಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಬೇಗ ತೋರಿಸಿ.