ಮೋರನಾಳದ ತೊಗಲುಗೊಂಬೆಯಾಟ: ಮೇಳ, ಮಳೆ ಮತ್ತು ಊರು

ತೊಗಲುಗೊಂಬೆಯಾಟದ ಅಧ್ಯಯನಗಳು ಹೆಚ್ಚಾಗಿ ಗೊಂಬೆಯ ಶಿಲ್ಪ ಹಾಗೂ ಅದನ್ನು ಆಡಿಸುವ ಕುಟುಂಬಗಳ ಸುತ್ತಲೇ ನಡೆದಿವೆ. ಆಟವನ್ನು ಕರೆಸುವ ಊರೂ ಈ ಪರಂಪರೆಯ ಸಮಪಾಲುದಾರ ಎಂಬುದನ್ನು ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಈ ಭಾಗದಲ್ಲಿ ಆಟವನ್ನು ಉಳಿಸಿಕೊಂಡು ಬಂದವರು ಶಿಳ್ಳೇಕ್ಯಾತ ಸಮುದಾಯದವರು. ಇತರೆಡೆ ಇವರಿಗೆ ಕಿಳ್ಳೇಕ್ಯಾತ, ಕಟಬು ಎಂಬ ಹೆಸರುಗಳಿವೆ. ಆಟದೊಳಗಿನ ಹಾಸ್ಯಗಾರನ ಹೆಸರೇ ಸಮುದಾಯದ ಹೆಸರೂ ಆಗಿರುವುದು ಗಮನಾರ್ಹ. ಮನೆಯಲ್ಲಿ ಮರಾಠಿ ಮೂಲದ ನುಡಿಯನ್ನಾಡುವ ಇವರು ರಾಮಾಯಣ, ಮಹಾಭಾರತಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಅಂದರೆ ಆಟದ ಭಾಷೆಯನ್ನು ನಿರ್ಧರಿಸಿದ್ದು ಮೇಳದ ಮನೆಯಲ್ಲ, ಕೇಳುವ ಊರು.

ಬಿಳಿಯ ಪರದೆ, ಹಿಂದೆ ದೀಪ, ಹದಗೊಳಿಸಿ ಬಣ್ಣ ಹಾಕಿದ ತೊಗಲಿನ ಗೊಂಬೆಗಳು, ಜೊತೆಗೆ ಹಾಡು ಮತ್ತು ತಾಳ. ಇಷ್ಟೇ ಇದರ ರಂಗಸಜ್ಜಿಕೆ. ಗಣಪತಿ, ಸರಸ್ವತಿಯರ ಸ್ತುತಿಯ ನಂತರ ಕಿಳ್ಳೇಕ್ಯಾತ, ಬಂಗಾರಕ್ಕರು ಬಂದು ನಗಿಸುತ್ತಾರೆ, ಆಮೇಲೆ ಕಥೆ. ಮೇಳವೆಂದರೆ ಒಂದು ಸಂಸಾರ. ಹೆಣ್ಣುಪಾತ್ರಗಳ ಮಾತು, ಹಾಡುಗಳಿಗೆ ಮನೆಯ ಹೆಂಗಸರ ಕಂಠವೇ ಆಧಾರ. ಸವೆದ ಗೊಂಬೆಗಳನ್ನು ಬಿಸಾಡದೆ ಪೂಜಿಸಿ ಹೊಳೆಗೆ ಬಿಡುವ ರೂಢಿಯೂ ಈ ಸಮುದಾಯದಲ್ಲಿದೆ.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯ ಒಕ್ಕಲುತನ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಕರ್ನಾಟಕದ ಹಲವೆಡೆ ಇರುವಂಥದು. ಇಂಥ ನಂಬಿಕೆ ಇರುವಲ್ಲಿ ಆಟವು ಕೇವಲ ಮನರಂಜನೆಯಲ್ಲ. ಊರು ಹೊರುವ ಹರಕೆ. ಊರಿನವರು ಕಾಳುಕಡಿ, ಹಣ ಕೂಡಿಸಿ ಕೊಡುವುದು ಸಂಭಾವನೆಯೂ ಹೌದು, ಹರಕೆಯ ಪಾಲೂ ಹೌದು.

ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಭಾರತ ಸರ್ಕಾರವು 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ನೀಡಿತು. ಬಾಲ್ಯದಿಂದ ಆಟದಲ್ಲಿ ಬೆಳೆದು, ವಿದೇಶಗಳಲ್ಲಿಯೂ ಪ್ರದರ್ಶನ ನೀಡಿದ ಅವರಿಗೆ ಈ ಗೌರವ ಸಂದಾಗ ತೊಂಬತ್ತು ವರ್ಷ ದಾಟಿತ್ತು. ಪರದೆಯ ಹಿಂದೆಯೇ ಉಳಿದಿದ್ದ ಹೆಣ್ಣುದನಿಗೆ ದೊರೆತ ಮನ್ನಣೆ ಇದು.

ಆದರೆ ಪ್ರಶಸ್ತಿ ವ್ಯಕ್ತಿಗೆ ಸಲ್ಲುತ್ತದೆ; ಆಟ ಉಳಿಯುವುದು ಸಂಬಂಧದಿಂದ. ಉತ್ಸವದ ವೇದಿಕೆಯ ಅರ್ಧ ಗಂಟೆಯಲ್ಲಿ ಗೊಂಬೆಯ ಚೆಲುವು ಕಾಣುತ್ತದೆ, ಇಡೀ ರಾತ್ರಿಯ ಕಥನ ಕಾಣುವುದಿಲ್ಲ. ಗೊಂಬೆಗಳನ್ನು ಸಂಗ್ರಹಾಲಯದಲ್ಲಿ ಕಾಪಾಡಬಹುದು. ಕರೆಯುವ ಊರನ್ನು ಅಲ್ಲಿಡಲಾಗದು. ಆದ್ದರಿಂದ ದಾಖಲಾತಿಯ ಜೊತೆಗೆ, ಮೇಳಗಳು ಹಳ್ಳಿಗಳಲ್ಲಿ ಇರುಳಿಡೀ ಆಡುವಂತೆ ನೆರವು ನೀಡುವುದೇ ನಿಜವಾದ ಸಂರಕ್ಷಣೆಯೆನಿಸುತ್ತದೆ.