ಎಸೆತ (ಸೂಪರ್ ಸ್ಮ್ಯಾಶ್ ಬ್ರದರ್ಸ್)

ಎಸೆತವು ನಿಂಟೆಂಡೊ ಸಂಸ್ಥೆಯ ಸೂಪರ್ ಸ್ಮ್ಯಾಶ್ ಬ್ರದರ್ಸ್ ಸರಣಿಯ ವಿಡಿಯೋ ಆಟಗಳಲ್ಲಿ ಎದುರಾಳಿಯನ್ನು ಹಿಡಿದು ಒಂದು ದಿಕ್ಕಿಗೆ ಬಿಸಾಡುವ ಪಟ್ಟು. ಈ ಆಟಗಳಲ್ಲಿ ಪೆಟ್ಟು ಬಿದ್ದಂತೆ ಪಾತ್ರದ ಹಾನಿಯ ಶೇಕಡಾವಾರು ಏರುತ್ತದೆ. ಹಾನಿ ಹೆಚ್ಚಿದಷ್ಟೂ ಮುಂದಿನ ಪೆಟ್ಟಿಗೆ ಅದು ಹೆಚ್ಚು ದೂರ ಚಿಮ್ಮುತ್ತದೆ. ವೇದಿಕೆಯ ಸುತ್ತಲಿನ ಗಡಿಯನ್ನು ದಾಟಿದರೆ ಒಂದು ಜೀವ ನಷ್ಟ. ಆದ್ದರಿಂದ ಬಹುತೇಕ ಎಸೆತಗಳ ಬೆಲೆ ಅವು ಮಾಡುವ ಹಾನಿಗಿಂತ ಎದುರಾಳಿಯನ್ನು ಎಲ್ಲಿಗೆ ತಲುಪಿಸುತ್ತವೆ ಎಂಬುದರಲ್ಲಿದೆ.

ಹಿಡಿತ

ಗುರಾಣಿಯು ಹೊಡೆತವನ್ನು ತಡೆಯುತ್ತದೆ, ಹಿಡಿತವನ್ನು ತಡೆಯಲಾರದು. ಹಿಡಿಯಲು ಕೈಚಾಚಿದಾಗ ಎದುರಾಳಿ ಹೊಡೆದರೆ ಸಾಮಾನ್ಯವಾಗಿ ಹೊಡೆತವೇ ಗೆಲ್ಲುತ್ತದೆ. ಹೀಗಾಗಿ ಗುರಾಣಿಯ ಮರೆಹೊಗುವ ಅಭ್ಯಾಸವುಳ್ಳವರ ಮೇಲೆ ಹಿಡಿತ ಫಲಕಾರಿ. ತಪ್ಪಿದ ಹಿಡಿತದಿಂದ ಚೇತರಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಓಡುತ್ತಾ ಹಿಡಿಯಲು ಹೋಗಿ ತಪ್ಪಿದರೆ ಇನ್ನೂ ಹೆಚ್ಚು. ಸಾಮಸ್, ಯಂಗ್ ಲಿಂಕ್ ಮುಂತಾದ ಪಾತ್ರಗಳು ದೂರದಿಂದಲೇ ಹಿಡಿಯಬಲ್ಲವಾದರೂ ಅವುಗಳ ಹಿಡಿತ ನಿಧಾನ.

ದಿಕ್ಕಿನ ಆಯ್ಕೆ

1999ರ ಮೊದಲ ಆಟದಲ್ಲಿ ಮುಂದಕ್ಕೆ ಮತ್ತು ಹಿಂದಕ್ಕೆ ಮಾತ್ರ ಎಸೆಯಬಹುದಿತ್ತು. 2001ರ ಮೆಲೀಯಲ್ಲಿ ಮೇಲಿನ ಮತ್ತು ಕೆಳಗಿನ ಎಸೆತಗಳು ಸೇರಿದವು. ಹಾನಿ ಕಡಿಮೆಯಿರುವಾಗ ಎದುರಾಳಿಯನ್ನು ಹತ್ತಿರದಲ್ಲೇ ಗಾಳಿಗೆ ಏರಿಸುವ ಎಸೆತ ಉಪಯುಕ್ತ. 2018ರ ಅಲ್ಟಿಮೇಟ್‌ನಲ್ಲಿ ಮಾರಿಯೋ ಕೆಳಕ್ಕೆ ಎಸೆದು, ಮೇಲೆದ್ದ ಎದುರಾಳಿಗೆ ಸಾಲುಸಾಲಾಗಿ ಹೊಡೆಯುವುದು ಇದಕ್ಕೆ ಉದಾಹರಣೆ. ಹಾನಿ ಏರಿದ ಮೇಲೆ ಎದುರಾಳಿ ಕೈಗೆಟುಕದಷ್ಟು ದೂರ ಹಾರುವುದರಿಂದ ಈ ಸರಣಿ ಹೊಡೆತ ಕೂಡಿಬರುವುದಿಲ್ಲ. ಆಗ ವೇದಿಕೆಯ ಅಂಚಿನಾಚೆಗೆ ಎಸೆದು, ಮರಳಿ ಬರುವ ದಾರಿಯಲ್ಲಿ ಅಡ್ಡಗಟ್ಟುವುದು ಲೇಸು.

ಕೆಲವು ಎಸೆತಗಳು ನೇರವಾಗಿ ಜೀವವನ್ನೇ ಕಸಿಯುತ್ತವೆ. ನೆಸ್ ಪಾತ್ರದ ಹಿಂದಿನ ಎಸೆತ ಇವುಗಳಲ್ಲಿ ಪ್ರಸಿದ್ಧ. ಅಂಚಿಗೆ ಬೆನ್ನುಮಾಡಿ ನಿಂತು ಹಿಡಿದರೆ ಇದರ ಪರಿಣಾಮ ಗರಿಷ್ಠ. ಆದರೆ ಪದೇಪದೇ ಬಳಸಿದ ಪಟ್ಟಿನ ಬಲ ಕುಗ್ಗುವುದು ಈ ಸರಣಿಯ ನಿಯಮ. ಆರಂಭದಲ್ಲೇ ಬರೀ ಹಾನಿಗಾಗಿ ಹಿಂದಕ್ಕೆ ಎಸೆಯುತ್ತಾ ಹೋದ ಆಟಗಾರನಿಗೆ, ಬೇಕಾದ ಹೊತ್ತಿನಲ್ಲಿ ಅದು ಕೈಕೊಡಬಹುದು.

ಎಸೆತಕ್ಕೆ ಸಿಕ್ಕವರೂ ಸಂಪೂರ್ಣ ಅಸಹಾಯಕರಲ್ಲ. ನಿಯಂತ್ರಣ ಕಡ್ಡಿಯನ್ನು ಒಂದು ಬದಿಗೆ ಒತ್ತಿಹಿಡಿದು ಹಾರುವ ಕೋನವನ್ನು ಅವರು ಬದಲಿಸಬಲ್ಲರು. ಪಥಕ್ಕೆ ಲಂಬವಾಗಿ ಒತ್ತಿದಾಗ ಬದಲಾವಣೆ ಅತಿ ಹೆಚ್ಚು. ಯಾವ ಎಸೆತ ಬರುವುದೆಂದು ಅವರು ಮೊದಲೇ ಊಹಿಸಬೇಕಾದ್ದರಿಂದ, ಎಸೆಯುವವರು ದಿಕ್ಕನ್ನು ಆಗಾಗ ಬದಲಿಸುವುದು ಲಾಭಕರ.

ಸರಪಳಿ ಹಿಡಿತ

ಎಸೆದ ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಮತ್ತೆ ಹಿಡಿದು ಎಸೆಯುವುದನ್ನು ಸರಪಳಿ ಹಿಡಿತ ಎನ್ನುತ್ತಾರೆ. 2008ರ ಬ್ರಾಲ್‌ನಲ್ಲಿ ಕಿಂಗ್ ಡೆಡೆಡೆಯ ಕೆಳ ಎಸೆತದಿಂದ ಕೆಲವು ಪಾತ್ರಗಳಿಗೆ ಬಿಡುಗಡೆಯೇ ಕಷ್ಟವಾಗಿತ್ತು. 2014ರ ಆಟದಲ್ಲಿ, ಹಿಡಿತದಿಂದ ಬಿಡುಗಡೆಯಾದವರನ್ನು ಸ್ವಲ್ಪ ಹೊತ್ತು ಮತ್ತೆ ಹಿಡಿಯಲಾಗದಂತೆ ಮಾಡಲಾಯಿತು. ಅಲ್ಟಿಮೇಟ್‌ನಲ್ಲಿಯೂ ಈ ರಕ್ಷಣೆ ಇದೆ.